ನಾಲ್ಕು ಕಾಲಿಗೆ ನಾಲ್ಕು ಲೆಕ್ಕ

ಒಳ್ಳೆಯ ಲಾಳಗಾರ ಸುತ್ತಿಗೆ ಹಿಡಿಯುವ ಮೊದಲು ಕುದುರೆಯನ್ನು ಗಟ್ಟಿ ನೆಲದ ಮೇಲೆ ನಡೆಸಿ ನೋಡುತ್ತಾನೆ. ಹಿಮ್ಮಡಿ ಮೊದಲು ಊರುತ್ತದೋ, ಗೊರಸಿನ ತುದಿಯೋ? ಆಮೇಲೆ ಕಿತ್ತ ಹಳೆಯ ಲಾಳವನ್ನು ತಿರುಗಿಸಿ ನೋಡುತ್ತಾನೆ. ಆರೇಳು ವಾರ ನೆಲಕ್ಕೆ ಉಜ್ಜಿದ ಆ ಕಬ್ಬಿಣ ಸುಳ್ಳು ಹೇಳುವುದಿಲ್ಲ. ಎಡಗಾಲಿನದು ಹೊರ ಅಂಚಿನಲ್ಲಿ ಸವೆದಿದ್ದರೆ ಬಲಗಾಲಿನದು ಮುಂತುದಿಯಲ್ಲಿ ತೆಳ್ಳಗಾಗಿರಬಹುದು. ಕುದುರೆ ಒಂದೇ ಆದರೂ ಎರಡು ಕಾಲಿಗೂ ಒಂದೇ ಅಳತೆ ನಡೆಯುವುದಿಲ್ಲ.

ಕೊಳ್ಳುವ ಮೊದಲು ಗೊರಸು ನೋಡಿ ಎಂದು ಗ್ರೀಸಿನ ಕ್ಸೆನೊಫೋನ್ ಕ್ರಿ.ಪೂ. 4ನೇ ಶತಮಾನದಲ್ಲೇ ಬರೆದಿದ್ದ. ಅವನ ಪುಸ್ತಕದಲ್ಲಿ ಲಾಳದ ಮಾತಿಲ್ಲ. ಉರುಟು ಕಲ್ಲು ಹರಡಿ, ಅದರ ಮೇಲೆ ಕುದುರೆ ನಿಲ್ಲಿಸಿ ಗೊರಸು ಗಟ್ಟಿಮಾಡಿ ಎನ್ನುವುದು ಅವನ ಉಪಾಯ. ರೋಮನ್ನರು ಕಬ್ಬಿಣದ ತಳದ ಪಾದರಕ್ಷೆ ಕಟ್ಟಿದರು. ಮೊಳೆ ಹೊಡೆದು ಕೂರಿಸುವ ಲಾಳ ಯುರೋಪಿನಲ್ಲಿ ಬಳಕೆಗೆ ಬಂದದ್ದು ಮಧ್ಯಯುಗದಲ್ಲಿ. ಜೊತೆಗೆ ಅರೆಬರೆ ಕಲಿತವರೂ ಬಂದರು. ಅವರ ಕೈಯಲ್ಲಿ ಕುದುರೆಗಳು ಕೆಡುತ್ತಿವೆ ಎಂಬ ದೂರು ಹೆಚ್ಚಿ, 1356ರಲ್ಲಿ ಲಂಡನ್ನಿನ ಮೇಯರ್ ಕಸುಬುದಾರರನ್ನು ಕರೆಸಿ ಅವರಲ್ಲೇ ಮೇಲ್ವಿಚಾರಕರನ್ನು ನೇಮಿಸಬೇಕಾಯಿತು.

ಗೊರಸಿನ ಒಳಗೇನಿದೆ ಎಂದು ಕೇಳಿದ್ದು 18ನೇ ಶತಮಾನ. 1762ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಪಶುವೈದ್ಯ ಶಾಲೆ ತೆರೆಯಿತು. ಅದಕ್ಕೂ ಮೊದಲೇ ಪ್ಯಾರಿಸ್ಸಿನ ಲಾಫೋಸ್, ಅಂಗಾಲಿನ ನಡುವಿನ ಮೆತ್ತನೆಯ ತ್ರಿಕೋನ ಭಾಗ ನೆಲ ಮುಟ್ಟಲೇಬೇಕು, ಲಾಳ ಗಿಡ್ಡವಿರಲಿ ಎಂದು ವಾದಿಸಿದ್ದ. ನನ್ನ ಮಟ್ಟಿಗೆ ಈ ಕಥೆಯ ತಿರುವು ಇರುವುದು ಬ್ರೇಸಿ ಕ್ಲಾರ್ಕ್ ಎಂಬ ಇಂಗ್ಲಿಷ್ ಪಶುವೈದ್ಯನಲ್ಲಿ. ಗೊರಸು ಮರದ ದಿಮ್ಮಿಯಲ್ಲ, ಭಾರ ಬಿದ್ದಾಗ ಹಿಗ್ಗಿ, ಎತ್ತಿದಾಗ ಕುಗ್ಗುತ್ತದೆ ಎಂದು ಅವನು 1809ರಲ್ಲಿ ಪ್ರಕಟಿಸಿದ. ಸುತ್ತ ಮೊಳೆ ಜಡಿದರೆ ಆ ಹಿಗ್ಗುವಿಕೆಗೆ ಜಾಗವೆಲ್ಲಿ? ಅವನು ಕೀಲಿಟ್ಟ ಲಾಳವನ್ನೂ ಮಾಡಿ ನೋಡಿದ. ಅದು ಚಲಾವಣೆಗೆ ಬರಲಿಲ್ಲ, ಪ್ರಶ್ನೆ ಮಾತ್ರ ಉಳಿಯಿತು.

ಉತ್ತರ ಹುಡುಕುವ ಪುರುಸೊತ್ತು ಯಾರಿಗೂ ಇರಲಿಲ್ಲ. ಅಮೆರಿಕದ ಟ್ರಾಯ್ ನಗರದ ಹೆನ್ರಿ ಬರ್ಡನ್ 1835ರಲ್ಲಿ ಲಾಳದ ಯಂತ್ರಕ್ಕೆ ಪೇಟೆಂಟ್ ಪಡೆದ. 1857ರ ಹೊತ್ತಿಗೆ ಅವನ ಯಂತ್ರ ನಿಮಿಷಕ್ಕೆ ಸುಮಾರು 60 ಲಾಳ ಉದುರಿಸುತ್ತಿತ್ತು. ಅಂತರ್ಯುದ್ಧದಲ್ಲಿ ಉತ್ತರದ ಸೇನೆಯ ಕುದುರೆಗಳು ಅದನ್ನೇ ತೊಟ್ಟವು. ಕಾರ್ಖಾನೆಯನ್ನು ದೂರುವುದು ಸುಲಭ. ಆದರೆ ಸಿದ್ಧ ಲಾಳವನ್ನು ಗೊರಸಿಗೆ ತಕ್ಕಂತೆ ಬಗ್ಗಿಸುವ ಬದಲು ಗೊರಸನ್ನೇ ಲಾಳಕ್ಕೆ ತಕ್ಕಂತೆ ಅರದಲ್ಲಿ ಉಜ್ಜಿದ್ದು ಯಂತ್ರವಲ್ಲ, ಅವಸರದ ಕೈ.

ಕುದುರೆ ಗಾಡಿಯಿಂದ, ಯುದ್ಧದಿಂದ ಬಿಡುಗಡೆಯಾದ ಮೇಲೆ ಉಳಿದದ್ದು ರೇಸು, ಸವಾರಿ. ಸಂಖ್ಯೆ ಇಳಿಯಿತು, ಒಂದೊಂದರ ಬೆಲೆ ಏರಿತು. ಲಾಳಗಾರನ ಪಕ್ಕ ಎಕ್ಸ್‌ರೇ ಹಿಡಿದ ವೈದ್ಯ ಬಂದು ನಿಂತ. ಬ್ರಿಟನ್ 1975ರಲ್ಲಿ ಲಾಳಗಾರರ ನೋಂದಣಿ ಕಾಯ್ದೆಯನ್ನೇ ತಂದಿತು. ಇತ್ತ ಅಮೆರಿಕದ ಲಾಳಗಾರ ಜೇಮಿ ಜಾಕ್ಸನ್ 1980ರ ದಶಕದಲ್ಲಿ ಗ್ರೇಟ್ ಬೇಸಿನ್ ಮರುಭೂಮಿಯ ಕಾಡುಕುದುರೆಗಳ ಗೊರಸು ಅಧ್ಯಯನ ಮಾಡಿ, ಲಾಳವೇ ಬೇಡ ಎನ್ನುವ ಪಂಥಕ್ಕೆ ದಾರಿ ಮಾಡಿದ. ಇದನ್ನು ಪೂರ್ತಿ ಒಪ್ಪುವುದು ಕಷ್ಟ. ದಿನವಿಡೀ ಒಣಕಲ್ಲಿನ ಮೇಲೆ ಅಲೆಯುವ ಪ್ರಾಣಿಯ ಗೊರಸನ್ನು ಲಾಯದ ಒದ್ದೆ ಹುಲ್ಲಿನ ಮೇಲೆ ನಿಂತ ಕುದುರೆಯಲ್ಲಿ ನಿರೀಕ್ಷಿಸುವುದು ಹೇಗೆ?

ಲಾಳವಿರಲಿ, ಇಲ್ಲದಿರಲಿ, ಎರಡು ಮುಂಗಾಲು ಬೇರೆ ಬೇರೆಯಾಗುವುದು ಎಳವೆಯಲ್ಲೇ ಶುರುವಾಗಬಹುದು. 2006ರಲ್ಲಿ ಪ್ರಕಟವಾದ ಡಚ್ ಸಂಶೋಧಕರ ಅಧ್ಯಯನದ ಪ್ರಕಾರ, ಕಾಲು ಉದ್ದವಾಗಿ ತಲೆ ಚಿಕ್ಕದಿರುವ ಮರಿಗಳು ಹುಲ್ಲು ಮೇಯಲು ಸದಾ ಒಂದೇ ಮುಂಗಾಲನ್ನು ಮುಂದಿಡುತ್ತವೆ. ಇದರಿಂದ ಎರಡು ಗೊರಸುಗಳ ಕೋನ ಬೇರೆಯಾಗುತ್ತದೆ. ಎರಡನ್ನೂ ಬಲವಂತವಾಗಿ ಸಮ ಮಾಡಹೊರಟರೆ ಕುಂಟು ಬಂದೀತು.

ನಮ್ಮ ಕಡೆ ಎತ್ತಿಗೆ ಲಾಳ ಬಡಿಯುವವರಿಗೆ ಲೆಕ್ಕವೇ ಬೇರೆ: ಸೀಳು ಗೊರಸಿಗೆ ಎರಡೆರಡು ತುಂಡು, ಎತ್ತನ್ನು ಹಗ್ಗ ಹಾಕಿ ಕೆಡವಿ ಬಡಿಯಬೇಕು. ಕುದುರೆ ನಿಂತೇ ಇರುತ್ತದೆ, ಅದರ ಕಾಲು ಲಾಳಗಾರನ ಮೊಣಕಾಲುಗಳ ನಡುವೆ. ಮೊಳೆಯ ತುದಿ ಒಂದು ಬದಿಗೆ ಓರೆ. ಸರಿಯಾಗಿ ಹಿಡಿದರೆ ಅದು ಹೊರಕ್ಕೆ ಬಾಗಿ ಗೊರಸಿನ ಗೋಡೆಯಿಂದ ಹೊರಬರುತ್ತದೆ, ತಪ್ಪಿ ಹಿಡಿದರೆ ಜೀವದ ಭಾಗವನ್ನು ಹೊಗುತ್ತದೆ. ಪಳಗಿದವನಿಗೆ ಏಟಿನ ಸದ್ದು ಬದಲಾದ ಕೂಡಲೇ ತಿಳಿಯುತ್ತದೆ, ಮೊಳೆ ಕಿತ್ತುಬಿಡುತ್ತಾನೆ.

ಗೊರಸು ಬೆಳೆಯುವುದು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು, ಮೇಲಿನ ಅಂಚಿನಿಂದ ತುದಿಗೆ ಬರಲು 9ರಿಂದ 12 ತಿಂಗಳು. ಈ ಯುಗಾದಿಗೆ ಮೇಲಂಚಿನಲ್ಲಿ ಕಂಡ ದೋಷ ಇಳಿದು ಹೋಗುವಷ್ಟರಲ್ಲಿ ಮುಂದಿನ ಯುಗಾದಿ ಹತ್ತಿರ. ಮೂರು ತಿಂಗಳಿಗೊಮ್ಮೆ ಲಾಳಗಾರನನ್ನು ಬದಲಿಸುವ ಮಾಲೀಕನಿಗೆ ಯಾರ ಕೈ ಕುದುರೆಯನ್ನು ಸರಿಪಡಿಸಿತು, ಯಾರ ಕೈ ಕೆಡಿಸಿತು ಎಂದು ಗೊತ್ತಾಗುವುದೇ ಇಲ್ಲ.