ಬ್ಯಾಂಕುಗಳಿಗೆ ನಗದು ಕೊರತೆ ಉಂಟಾದಾಗ ರಿಸರ್ವ್ ಬ್ಯಾಂಕಿನ ಪಾತ್ರ

ಪಿಂಚಣಿ, ವಿದ್ಯಾರ್ಥಿವೇತನ ಮತ್ತು ಸಹಾಯಧನದ ಮೊತ್ತವು ಫಲಾನುಭವಿಗಳ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಸಾಂಕ್ರಾಮಿಕ ರೋಗ, ಪ್ರಕೃತಿ ವಿಕೋಪ ಮುಂತಾದ ಸಂದರ್ಭಗಳಲ್ಲಿ ಖಾತೆದಾರರೆಲ್ಲರೂ ಏಕಕಾಲದಲ್ಲಿ ಹಣ ಹಿಂಪಡೆಯಲು ಬಂದಲ್ಲಿ ಬ್ಯಾಂಕಿನಲ್ಲಿ ಹಣ ಲಭ್ಯವಿರುವುದೇ ಎಂಬ ಸಂದೇಹವು ಸಹಜವಾದುದು.

ಬ್ಯಾಂಕುಗಳು ಠೇವಣಿಯ ಬಹುಭಾಗವನ್ನು ಸಾಲವಾಗಿ ನೀಡಿರುತ್ತವೆ ಅಥವಾ ಸರ್ಕಾರಿ ಸಾಲಪತ್ರಗಳಲ್ಲಿ ತೊಡಗಿಸಿರುತ್ತವೆ. ಬೆಳೆಸಾಲ, ಗೃಹಸಾಲಗಳನ್ನು ಅವಧಿಗೆ ಮುನ್ನ ವಸೂಲು ಮಾಡಲಾಗದು. ಆದುದರಿಂದ ಸುಸ್ಥಿತಿಯಲ್ಲಿರುವ ಬ್ಯಾಂಕಿಗೂ ಒಂದೆರಡು ದಿನಗಳ ಮಟ್ಟಿಗೆ ನಗದಿನ ಅಭಾವ ತಲೆದೋರಬಹುದು. ಇಂತಹ ಸಂದರ್ಭದಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಸರ್ಕಾರಿ ಸಾಲಪತ್ರಗಳ ಆಧಾರದ ಮೇಲೆ ರೆಪೊ ದರದಲ್ಲಿ ಅಲ್ಪಾವಧಿ ಸಾಲ ನೀಡುತ್ತದೆ. ಅದೂ ಸಾಲದಿದ್ದಲ್ಲಿ, ಶಾಸನಬದ್ಧವಾಗಿ ಇರಿಸಿಕೊಳ್ಳಲೇಬೇಕಾದ ಸಾಲಪತ್ರಗಳಲ್ಲಿಯೂ ನಿಗದಿತ ಮಿತಿಯವರೆಗೆ ಒತ್ತೆಯಿಟ್ಟು ಒಂದು ರಾತ್ರಿಯ ಅವಧಿಗೆ ಹಣ ಪಡೆಯಲು ಅವಕಾಶವಿದೆ. ಇದಕ್ಕೆ ಬಡ್ಡಿ ಅಧಿಕವಾದ ಕಾರಣ ಬ್ಯಾಂಕುಗಳು ಅಗತ್ಯ ಬಿದ್ದಾಗ ಮಾತ್ರ ಇದರ ಮೊರೆ ಹೋಗುತ್ತವೆ.

ಕೋವಿಡ್ ಲಾಕ್‌ಡೌನ್ ಜಾರಿಯಾದ ಕೆಲವೇ ದಿನಗಳಲ್ಲಿ, ಅಂದರೆ 27 ಮಾರ್ಚ್ 2020 ರಂದು, ರಿಸರ್ವ್ ಬ್ಯಾಂಕು ಈ ಅಧಿಕಾರವನ್ನು ದೊಡ್ಡ ಪ್ರಮಾಣದಲ್ಲಿ ಬಳಸಿತು. ಬ್ಯಾಂಕುಗಳು ತನ್ನಲ್ಲಿ ಇರಿಸಬೇಕಾದ ನಗದು ಮೀಸಲು ಅನುಪಾತವನ್ನು ಶೇಕಡಾ 4 ರಿಂದ 3 ಕ್ಕೆ ಇಳಿಸಿದ್ದರಿಂದ ಸುಮಾರು 1,37,000 ಕೋಟಿ ರೂಪಾಯಿ ಬ್ಯಾಂಕುಗಳ ಕೈಗೆ ಮರಳಿತು. ಮೇಲ್ಕಂಡ ಒಂದು ರಾತ್ರಿಯ ಸಾಲದ ಮಿತಿಯನ್ನು ಶೇಕಡಾ 2 ರಿಂದ 3 ಕ್ಕೆ ಏರಿಸಿ ಅಷ್ಟೇ ಮೊತ್ತಕ್ಕೆ ಹೆಚ್ಚುವರಿ ಅವಕಾಶ ಕಲ್ಪಿಸಲಾಯಿತು. ನೋಟುಗಳ ಸರಬರಾಜು ಹಾಗೂ ಹಣ ಪಾವತಿ ವ್ಯವಸ್ಥೆಗೆ ಅಡಚಣೆಯಾಗದಿರಲು ಸುಮಾರು 150 ಅಧಿಕಾರಿಗಳು ಮತ್ತು ಸಿಬ್ಬಂದಿ ಕುಟುಂಬದಿಂದ ದೂರವಿದ್ದು ಹಗಲಿರುಳು ಕರ್ತವ್ಯ ನಿರ್ವಹಿಸಿದುದು ಹೆಚ್ಚಿನವರಿಗೆ ತಿಳಿಯದ ಸಂಗತಿ. ನಗದು ಮೀಸಲು ಅನುಪಾತವನ್ನು 2021 ರ ಮಾರ್ಚ್ ಮತ್ತು ಮೇ ತಿಂಗಳುಗಳಲ್ಲಿ ಎರಡು ಹಂತಗಳಲ್ಲಿ ಪುನಃ ಶೇಕಡಾ 4 ಕ್ಕೆ ತರಲಾಯಿತು.

ಈ ಸೌಲಭ್ಯವು ತಾತ್ಕಾಲಿಕ ಅಭಾವಕ್ಕೆ ಪರಿಹಾರವೇ ಹೊರತು ನಷ್ಟಕ್ಕಲ್ಲ. ಸಾಲಗಳು ವಸೂಲಾಗದೆ ಬ್ಯಾಂಕೇ ದುರ್ಬಲಗೊಂಡಲ್ಲಿ ಠೇವಣಿದಾರರಿಗೆ ರಕ್ಷಣೆ ಒದಗಿಸುವುದು ಠೇವಣಿ ವಿಮೆ. ಇದರ ಮಿತಿಯನ್ನು 4 ಫೆಬ್ರವರಿ 2020 ರಿಂದ ಪ್ರತಿ ಬ್ಯಾಂಕಿನಲ್ಲಿ ಪ್ರತಿ ಠೇವಣಿದಾರರಿಗೆ, ಅಸಲು ಮತ್ತು ಬಡ್ಡಿ ಸೇರಿ, 5 ಲಕ್ಷ ರೂಪಾಯಿಗಳಿಗೆ ಹೆಚ್ಚಿಸಲಾಗಿದೆ. ರಿಸರ್ವ್ ಬ್ಯಾಂಕು ಹಣ ಹಿಂಪಡೆಯುವುದಕ್ಕೆ ನಿರ್ಬಂಧ ವಿಧಿಸಿದ ಬ್ಯಾಂಕುಗಳ ಠೇವಣಿದಾರರಿಗೆ 90 ದಿನಗಳೊಳಗೆ ಈ ಮಿತಿಯವರೆಗೆ ಪಾವತಿಸಲು 2021 ರ ತಿದ್ದುಪಡಿ ಕಾಯ್ದೆಯು ಅವಕಾಶ ಕಲ್ಪಿಸಿದೆ. ಪಟ್ಟಣ ಸಹಕಾರ ಬ್ಯಾಂಕುಗಳ ಠೇವಣಿಗೂ ಈ ವಿಮೆ ಅನ್ವಯಿಸುತ್ತದೆ. ಬ್ಯಾಂಕ್ ಅಲ್ಲದ ಪ್ರಾಥಮಿಕ ಸಹಕಾರ ಸಂಘಗಳ ಠೇವಣಿಗೆ ಅನ್ವಯಿಸುವುದಿಲ್ಲವಾದ್ದರಿಂದ, ಸಾರ್ವಜನಿಕರು ಹಣ ತೊಡಗಿಸುವ ಮುನ್ನ ಈ ವ್ಯತ್ಯಾಸವನ್ನು ವಿಚಾರಿಸಿ ತಿಳಿದುಕೊಳ್ಳತಕ್ಕದ್ದು.