ಕೈಗಾದ ಎರಡನೇ ಗುಮ್ಮಟ

ಗೋವಾ ಕಡೆಗೆ ಹೊರಟ ರೈಲು ಕ್ಯಾಸಲ್‌ರಾಕ್‌ನಲ್ಲಿ ನಿಂತಾಗ ಪ್ರಯಾಣಿಕರ ಕಣ್ಣು ಕಿಟಕಿಯಾಚೆಯ ಮಂಜಿನ ಮೇಲಿರುತ್ತದೆ, ರೈಲು ನಡೆಸುವವರ ಕಣ್ಣು ಬ್ರೇಕಿನ ಮೇಲೆ. ಜೋಯಿಡಾ ತಾಲ್ಲೂಕಿನ ಈ ಊರು ದಾಟಿದರೆ ಕುಳೆಂವರೆಗೂ ಬ್ರಗಾಂಝಾ ಘಾಟಿ. 37 ಅಡಿ ಮುಂದೆ ಹೋದರೆ ಒಂದಡಿ ಕೆಳಕ್ಕೆ ಇಳಿಯುವಷ್ಟು ಕಡಿದಾದ ಹಾದಿ. ಗಾಡಿಯ ಉದ್ದಕ್ಕೂ ಹಾಯ್ದ ಕೊಳವೆಯಲ್ಲಿ ಒತ್ತಿ ತುಂಬಿದ ಗಾಳಿ ಇರುತ್ತದೆ. ಎಂಜಿನ್ನಿನಲ್ಲಿ ಚದರ ಸೆಂಟಿಮೀಟರಿಗೆ 5 ಕೆ.ಜಿ. ಒತ್ತಡ ತೋರಿಸುವ ಮುಳ್ಳು, ಕೊನೆಯ ಗಾರ್ಡ್ ಡಬ್ಬಿಯಲ್ಲಿ 4.8ರ ಹತ್ತಿರ ನಿಲ್ಲಬೇಕು. ಮುಂದೆ ಚಾಲಕ ಗಾಳಿ ಇಳಿಸಿದರೆ ಹಿಂದಿನ ಮುಳ್ಳೂ ಇಳಿಯಬೇಕು. ಕೊಳವೆ ಎಲ್ಲಾದರೂ ಒಡೆದರೆ ಗಾಳಿ ಸೋರುತ್ತದೆ, ಸೋರಿದರೆ ಬ್ರೇಕ್ ತಾನಾಗಿಯೇ ಹಿಡಿಯುತ್ತದೆ. ಕೆಟ್ಟರೂ ನಿಲ್ಲುವ ಕಡೆಗೇ ಕೆಡಬೇಕು ಎಂಬುದು ಈ ವ್ಯವಸ್ಥೆಯ ಜಾಣ್ಮೆ. ಬ್ರೇಕ್ ಇದೆ ಎಂದು ನಂಬಿಕೊಂಡು ಘಾಟಿ ಇಳಿಯುವಂತಿಲ್ಲ, ಹಿಡಿಯುತ್ತದೆ ಎಂದು ಕಂಡುಕೊಂಡೇ ಇಳಿಯಬೇಕು.

ಇದೇ ಮಾತನ್ನು ಇನ್ನೊಂದು ಕಣಿವೆ ಹೆಚ್ಚಿನ ಬೆಲೆ ತೆತ್ತು ಕಲಿತಿದೆ. ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟುವ ಕಾಳಿ ನದಿ, ಸೂಪಾ ಮತ್ತು ಕೊಡಸಳ್ಳಿ ಅಣೆಕಟ್ಟುಗಳಲ್ಲಿ ತಡೆದು ನಿಂತು, ಕದ್ರಾ ಜಲಾಶಯ ಸೇರುತ್ತದೆ. ಕಾರವಾರ ತಾಲ್ಲೂಕಿನ ಕೈಗಾ ಅಣುವಿದ್ಯುತ್ ಸ್ಥಾವರ ತನ್ನ ಬಿಸಿ ಆರಿಸಿಕೊಳ್ಳುವುದು ಆ ಕದ್ರಾದ ನೀರಿನಿಂದ. ಜೋಯಿಡಾದ ಕಾಡಿನಲ್ಲಿ ಸುರಿದ ಮಳೆಯೇ ಕೈಗಾದ ರಿಯಾಕ್ಟರುಗಳನ್ನು ತಂಪಾಗಿಡುತ್ತದೆ. ಆದ್ದರಿಂದ ಅಲ್ಲಿನ ಸುರಕ್ಷತೆಯ ಕತೆ ಈ ಕಾಡಿನ ಜನರ ಕತೆಯೂ ಹೌದು.

ಮೇ 13, 1994

ಕೈಗಾದ ಮೊದಲ ಘಟಕಕ್ಕೆ ಕಾಂಕ್ರೀಟ್ ಬಿದ್ದದ್ದು 1989ರ ಸೆಪ್ಟೆಂಬರಿನಲ್ಲಿ. ಯೋಜನೆಗೆ ವಿರೋಧವೂ ಜೋರಾಗಿತ್ತು. ಅದೇ ವರ್ಷದ ಲೋಕಸಭಾ ಚುನಾವಣೆಯಲ್ಲಿ ಶಿವರಾಮ ಕಾರಂತರು ಉತ್ತರ ಕನ್ನಡದಿಂದ ಪಕ್ಷೇತರರಾಗಿ ನಿಂತದ್ದು ಕೈಗಾ ಬೇಡ ಎನ್ನುವುದಕ್ಕಾಗಿಯೇ. ಕಾರಂತರು ಸೋತರು, ಕಾಮಗಾರಿ ಮುಂದುವರಿಯಿತು.

ರಿಯಾಕ್ಟರಿನ ಸುತ್ತ ಇಲ್ಲಿ ಎರಡು ಗೋಡೆ, ಎರಡು ಗುಮ್ಮಟ. ಒಳಗಿನದೇ ಮುಖ್ಯ. ಯಾವತ್ತಾದರೂ ಬಿಸಿನೀರಿನ ಕೊಳವೆ ಒಡೆದು ಉಗಿಯೂ ವಿಕಿರಣವೂ ಹೊರನುಗ್ಗಿದರೆ ಅದನ್ನು ಹಿಡಿದಿಡುವ ಕೊನೆಯ ತಡೆ ಅದು. ಸುಮಾರು 42 ಮೀಟರ್ ಅಗಲದ ಆ ಗುಮ್ಮಟದ ದಪ್ಪ ಬಹುಪಾಲು ಕಡೆ ಒಂದಡಿಗಿಂತ ತುಸು ಹೆಚ್ಚು, ಅಷ್ಟೆ. ಅದಕ್ಕೆ ಬಲ ಬರುವುದು ಕಾಂಕ್ರೀಟಿನೊಳಗೆ ಹಾಯ್ದ ಉಕ್ಕಿನ ಕೇಬಲ್‌ಗಳಿಂದ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಅವನ್ನು ಜಾಕ್ ಹಾಕಿ ಬಿಗಿದೆಳೆಯುತ್ತಾರೆ. ಎಳೆತ ಇಡೀ ಗುಮ್ಮಟವನ್ನು ಅಪ್ಪಿ ಹಿಡಿಯುತ್ತದೆ.

1994ರ ಮೇ 13ರಂದು, ಕೇಬಲ್ ಬಿಗಿಯುವ ಹಂತದಲ್ಲೇ, ಮೊದಲ ಘಟಕದ ಒಳಗುಮ್ಮಟದ ತಳಭಾಗ ಪದರವಾಗಿ ಕಳಚಿಕೊಂಡಿತು. ಸುಮಾರು 130 ಟನ್ ಕಾಂಕ್ರೀಟ್ ಹತ್ತಿರ ಹತ್ತಿರ 30 ಮೀಟರ್ ಎತ್ತರದಿಂದ ಕೆಳಗೆ ಬಿತ್ತು. 14 ಮಂದಿ ಗಾಯಗೊಂಡರು. ರಿಯಾಕ್ಟರಿಗೆ ಇನ್ನೂ ಇಂಧನ ತುಂಬಿರಲಿಲ್ಲ, ಹಾಗಾಗಿ ವಿಕಿರಣದ ಮಾತಿರಲಿಲ್ಲ. ಆದರೆ ಊರನ್ನು ಕಾಯಬೇಕಾದ ಗುಮ್ಮಟ ತನ್ನ ಕೆಳಗೆ ದುಡಿಯುತ್ತಿದ್ದವರ ಮೇಲೇ ಬಿದ್ದಿತ್ತು.

ಕಾರಣ ಅರ್ಥವಾಗಬೇಕಾದರೆ ಮಡಕೆಯೊಂದರ ಹೊಟ್ಟೆಗೆ ಹಗ್ಗ ಸುತ್ತಿ ಎಳೆದು ನೋಡಿ. ಎಳೆತ ಹಗ್ಗದ ಉದ್ದಕ್ಕೆ, ಒತ್ತುವುದು ಮಾತ್ರ ಒಳಕ್ಕೆ. ಗುಮ್ಮಟದ ದಪ್ಪದ ನಡುವೆ ಬಾಗಿ ಹಾಯ್ದ ಕೇಬಲ್ ಕೂಡ ಹಾಗೆಯೇ ಒಳಕ್ಕೆ ಒತ್ತುತ್ತದೆ. ತನ್ನ ಕೆಳಗಿನ ಕಾಂಕ್ರೀಟನ್ನು ಮೇಲಿನದರಿಂದ ಎಳೆದು ಬೇರ್ಪಡಿಸಲು ನೋಡುತ್ತದೆ. ಮೇಲ್ಪದರವನ್ನೂ ಕೆಳಪದರವನ್ನೂ ಹೊಲಿದು ಹಿಡಿಯುವ ಅಡ್ಡ ಸರಳುಗಳಿಲ್ಲದಿದ್ದರೆ, ಕಾಂಕ್ರೀಟ್ ತನ್ನ ದುರ್ಬಲ ಗುಣದ ಮೇಲೇ, ಅಂದರೆ ಎಳೆತ ತಾಳುವ ಅಲ್ಪ ಶಕ್ತಿಯ ಮೇಲೇ ನಿಲ್ಲಬೇಕಾಗುತ್ತದೆ. ಉಗಿ ಉತ್ಪಾದಕ ಯಂತ್ರಗಳಿಗೆಂದು ಗುಮ್ಮಟದಲ್ಲಿ ಬಿಟ್ಟ ದೊಡ್ಡ ತೆರಪುಗಳನ್ನು ಬಳಸಿ ಕೇಬಲ್‌ಗಳು ತಿರುಗಬೇಕಿದ್ದದ್ದು ಕೆಲಸವನ್ನು ಇನ್ನಷ್ಟು ಜಟಿಲಗೊಳಿಸಿತ್ತು.

ಜಗತ್ತಿಗೆ ಇದು ಹೊಸದಲ್ಲ. ಅಮೆರಿಕದ ಫ್ಲಾರಿಡಾದಲ್ಲಿ 1970ರಲ್ಲಿ ಟರ್ಕಿ ಪಾಯಿಂಟ್ ಸ್ಥಾವರದ ಗುಮ್ಮಟವೂ 1976ರಲ್ಲಿ ಕ್ರಿಸ್ಟಲ್ ರಿವರ್ ಸ್ಥಾವರದ ಗುಮ್ಮಟವೂ ಹೀಗೆಯೇ ಪದರ ಬಿಟ್ಟಿದ್ದವು.

ಮತ್ತೆ ಕಟ್ಟುವ ಮುನ್ನ

ಬಿದ್ದದ್ದಕ್ಕೆ ತೇಪೆ ಹಾಕಿ ಮುಂದೆ ಸಾಗಲಿಲ್ಲ. ಅಣುಶಕ್ತಿ ನಿಯಂತ್ರಣ ಮಂಡಳಿ ಕೆಲಸ ತಡೆಯಿತು. ಆಗ ಮಂಡಳಿಯ ಅಧ್ಯಕ್ಷರಾಗಿದ್ದವರು ಎ. ಗೋಪಾಲಕೃಷ್ಣನ್. ಹಿಂದಿನ ವರ್ಷವಷ್ಟೇ, 1993ರ ಮಾರ್ಚ್ 31ರಂದು, ಉತ್ತರ ಪ್ರದೇಶದ ನರೋರಾ ಅಣುವಿದ್ಯುತ್ ಸ್ಥಾವರದಲ್ಲಿ ಟರ್ಬೈನಿನ ಅಲಗು ಮುರಿದು ಬೆಂಕಿ ಹೊತ್ತಿತ್ತು. ಕೇಬಲ್‌ಗಳು ಸುಟ್ಟು ಸ್ಥಾವರ 17 ಗಂಟೆ ಕತ್ತಲಲ್ಲಿತ್ತು. ಬೆಂಕಿ ನಂದಿಸಲೆಂದು ಇಟ್ಟ ಡೀಸೆಲ್ ಪಂಪಿನ ನೀರನ್ನೇ ಉಗಿ ಉತ್ಪಾದಕಗಳಿಗೆ ಹಾಯಿಸಿ ಅಲ್ಲಿನ ಸಿಬ್ಬಂದಿ ರಿಯಾಕ್ಟರನ್ನು ತಣಿಸಿದರು. ಆ ಬಳಿಕ ದೇಶದ ಇತರ ಸ್ಥಾವರಗಳಲ್ಲೂ ಟರ್ಬೈನ್ ಅಲಗುಗಳನ್ನು ಬದಲಿಸಬೇಕಾಯಿತು. ಒಂದರ ಹಿಂದೊಂದು ಬಂದ ಈ ಎರಡು ಪೆಟ್ಟುಗಳು ಕಲಿಸಿದ್ದು ಒಂದೇ ಪಾಠ: ಬದಲಿಗೆ ಬಂದದ್ದು ಹೊಸದೆಂಬ ಕಾರಣಕ್ಕೆ ಒಳ್ಳೆಯದಾಗುವುದಿಲ್ಲ. ಹಳೆಯದು ಯಾಕೆ ಸೋತಿತೆಂದು ತಿಳಿಯದೆ ತಂದು ಕೂರಿಸಿದರೆ ಸೋಲನ್ನೇ ಮತ್ತೊಮ್ಮೆ ಕೂರಿಸಿದಂತೆ.

ಬಿದ್ದದ್ದರ ಜಾಗಕ್ಕೆ ಬರಬೇಕಾದ ಎರಡನೇ ಗುಮ್ಮಟದ ಲೆಕ್ಕ ಮೊದಲಿಂದ ಶುರುವಾಯಿತು. ಕೇಬಲ್‌ಗಳ ಹಾದಿ ಬದಲಾಯಿತು. ಪದರಗಳನ್ನು ಹೊಲಿದು ಹಿಡಿಯುವ ಸರಳುಗಳು ಬಂದವು. ಕಾಂಕ್ರೀಟೂ ಬೇರೆ: ಚದರ ಮಿಲಿಮೀಟರಿಗೆ 60 ನ್ಯೂಟನ್ ತಾಳುವ, ಸಿಮೆಂಟಿಗಿಂತ ಎಷ್ಟೋ ಪಟ್ಟು ನುಣುಪಾದ ಸಿಲಿಕಾ ಧೂಳು ಬೆರೆಸಿದ ಎಂ-60. ಇದು ಗಟ್ಟಿ, ಸೋರುವುದೂ ಕಡಿಮೆ. ಆದರೆ ಅಂಟಂಟಾಗಿದ್ದು, ಸರಳು ಕೇಬಲ್ ಕಿಕ್ಕಿರಿದ ಜಾಗದಲ್ಲಿ ಸಂದಿ ಸಂದಿಗೂ ಇಳಿಯುವಂತೆ ಹಾಕುವುದು ಕಷ್ಟ. ಹಾಗಾಗಿ ಗುಮ್ಮಟಕ್ಕೆ ಕೈ ಹಾಕುವ ಮುನ್ನ ಮಾದರಿಗಳನ್ನು ಎರೆದು, ಈ ಕಾಂಕ್ರೀಟ್ ಎಲ್ಲೂ ಟೊಳ್ಳು ಬಿಡದೆ ಕೂರುತ್ತದೆಯೇ ಎಂದು ನೋಡಿಕೊಂಡರು.

ಕಾದದ್ದರ ಗುರುತು ಸ್ಥಾವರದ ಇತಿಹಾಸದಲ್ಲೇ ಉಳಿದಿದೆ. ಕೈಗಾದಲ್ಲಿ ಅಣುಕ್ರಿಯೆ ಮೊದಲು ಶುರುವಾದದ್ದು ಒಂದನೇ ಘಟಕದಲ್ಲಲ್ಲ, ಎರಡನೆಯದರಲ್ಲಿ, 1999ರ ಸೆಪ್ಟೆಂಬರ್ 24ರಂದು. ಗುಮ್ಮಟ ಕಳೆದುಕೊಂಡಿದ್ದ ಒಂದನೇ ಘಟಕಕ್ಕೆ ಆ ದಿನ ಬಂದದ್ದು 2000ದ ಸೆಪ್ಟೆಂಬರ್ 26ಕ್ಕೆ.

ಗಾಳಿ ತುಂಬಿ ನೋಡುವುದು

ಕಟ್ಟಿದ ಗುಮ್ಮಟ ನಿಲ್ಲುತ್ತದೆ ಎಂದು ಹೇಳುವುದು ಹೇಗೆ? ದಾಂಡೇಲಿಯ ಸೈಕಲ್ ಶಾಪಿನಲ್ಲಿ ಪಂಕ್ಚರ್ ಹಾಕುವವರನ್ನು ನೋಡಿದವರಿಗೆ ಉತ್ತರ ಗೊತ್ತು. ಟ್ಯೂಬಿಗೆ ತೇಪೆ ಹಚ್ಚಿದ ಮೇಲೆ ಗಾಳಿ ತುಂಬಿ ನೀರಿನ ಬೋಗುಣಿಯಲ್ಲಿ ಅದ್ದುತ್ತಾರೆ. ಗುಳ್ಳೆ ಬರಲಿಲ್ಲವೆಂದರೆ ಮಾತ್ರ ಟೈರಿನೊಳಗೆ ಸೇರಿಸುತ್ತಾರೆ.

ಗುಮ್ಮಟದ ಪರೀಕ್ಷೆಯೂ ಅದೇ ಜಾತಿಯದು. ಬಾಗಿಲುಗಳನ್ನೆಲ್ಲ ಮುಚ್ಚಿ, ಕಂಪ್ರೆಸರುಗಳಿಂದ ಇಡೀ ಕಟ್ಟಡಕ್ಕೆ ಗಾಳಿ ತುಂಬುತ್ತಾರೆ. ಅಪಘಾತವಾದರೆ ಬರಬಹುದೆಂದು ಲೆಕ್ಕ ಹಾಕಿದ ಒತ್ತಡಕ್ಕಿಂತಲೂ ಹೆಚ್ಚಿಗೆ, ಹಂತ ಹಂತವಾಗಿ ಏರಿಸುತ್ತಾರೆ. ಕಾಂಕ್ರೀಟಿನೊಳಗೆ ಹುದುಗಿಸಿಟ್ಟ ಮಾಪಕಗಳು ಗುಮ್ಮಟ ಎಷ್ಟು ಉಬ್ಬಿತೆಂದು ಹೇಳುತ್ತವೆ. ಉಬ್ಬಿದ್ದು ಲೆಕ್ಕಕ್ಕೆ ಹೊಂದಬೇಕು, ಗಾಳಿ ಇಳಿಸಿದಾಗ ಮೊದಲಿನ ಸ್ಥಿತಿಗೆ ಮರಳಬೇಕು. ಆಮೇಲೆ ಸೋರಿಕೆಯ ಪರೀಕ್ಷೆ. ಗಾಳಿಯನ್ನು ಒಳಗೇ ಹಿಡಿದಿಟ್ಟು, ಒತ್ತಡ, ಉಷ್ಣಾಂಶ, ತೇವ ಮೂರನ್ನೂ ಗಂಟೆಗಟ್ಟಲೆ ಅಳೆಯುತ್ತಾರೆ. ಕೊಳವೆ, ಕೇಬಲ್ ಗೋಡೆ ದಾಟುವ ಜಾಗಗಳಿಗೆ ಸಾಬೂನಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುವುದೂ ಉಂಟು. ಅಷ್ಟು ದೊಡ್ಡ ವಿಜ್ಞಾನದ ಕೊನೆಯಲ್ಲಿ ಒಬ್ಬ ಮನುಷ್ಯ ಟಾರ್ಚ್ ಹಿಡಿದು ಸಾಬೂನಿನ ಗುಳ್ಳೆ ಹುಡುಕುತ್ತಾನೆ ಎಂಬುದು ನನಗೆ ಧೈರ್ಯ ಕೊಡುವ ಸಂಗತಿ.

ಈ ಪರೀಕ್ಷೆ ಒಮ್ಮೆ ಮಾಡಿ ಮರೆಯುವಂಥದ್ದಲ್ಲ. ವಾಲ್ವ್ ಬದಲಿಸಿದರೆ, ಬಾಗಿಲಿನ ರಬ್ಬರ್ ಸೀಲ್ ಬದಲಿಸಿದರೆ ಆ ಜಾಗದ ಸೋರಿಕೆ ಮತ್ತೆ ನೋಡಬೇಕು. ನಿಗದಿತ ಅವಧಿಗೊಮ್ಮೆ ಇಡೀ ಕಟ್ಟಡದ್ದನ್ನೂ ನೋಡಬೇಕು.

ಓಡುವ ಗಾಡಿಯ ಬ್ರೇಕ್

ರಿಯಾಕ್ಟರಿಗೂ ಬ್ರೇಕ್ ಇದೆ. ಕೈಗಾದ 220 ಮೆಗಾವಾಟ್ ರಿಯಾಕ್ಟರ್ ಒಂದೊಂದರ ಮೇಲೂ ಕ್ಯಾಡ್ಮಿಯಂ ಅಡಕವಾದ 14 ಸರಳುಗಳು ವಿದ್ಯುತ್ಕಾಂತದ ಹಿಡಿತದಲ್ಲಿ ತೂಗುತ್ತಿರುತ್ತವೆ. ವಿದ್ಯುತ್ ಹೋದರೆ ಹಿಡಿತ ಸಡಿಲ, ಸರಳುಗಳು ತಮ್ಮ ಭಾರಕ್ಕೇ ಕೆಲವೇ ಸೆಕೆಂಡಿನಲ್ಲಿ ಒಳಗೆ ಬಿದ್ದು ಅಣುಕ್ರಿಯೆ ನಿಲ್ಲಿಸುತ್ತವೆ. ಕ್ಯಾಸಲ್‌ರಾಕ್‌ನ ರೈಲಿನಲ್ಲಿ ಗಾಳಿ ಸೋರಿದರೆ ಹಿಡಿಯುವ ಬ್ರೇಕಿಗೂ ಇದಕ್ಕೂ ತತ್ತ್ವ ಒಂದೇ. ಇದು ಕೈಕೊಟ್ಟರೆ ಎಂದು ಇನ್ನೊಂದು ವ್ಯವಸ್ಥೆ: 12 ಕೊಳವೆಗಳಿಗೆ ಹೀಲಿಯಂ ಒತ್ತಡದಿಂದ ಬೋರಾನ್ ಬೆರೆತ ದ್ರಾವಣ ನುಗ್ಗಿಸುವುದು. ಸರಳನ್ನೆತ್ತುವ ಯಂತ್ರ ಬದಲಾದರೆ ಸರಳನ್ನು ಬೀಳಿಸಿ, ಬೀಳಲು ಹಿಡಿದ ಕಾಲ ಅಳೆದ ಮೇಲೆಯೇ ಅದು ಸೇವೆಗೆ ಸಲ್ಲುತ್ತದೆ.

ರಿಯಾಕ್ಟರ್ ಓಡುತ್ತಿರುವಾಗಲೂ ಪರೀಕ್ಷೆ ನಿಲ್ಲುವುದಿಲ್ಲ. ಅಪಾಯ ಗುರುತಿಸುವ ಮಾಪಕಗಳು ಮೂರು ಮೂರು ಸಾಲಿನಲ್ಲಿರುತ್ತವೆ. ಮೂರರಲ್ಲಿ ಎರಡು ಅಪಾಯವೆಂದರೆ ಸ್ಥಾವರ ನಿಲ್ಲುತ್ತದೆ. ಒಂದು ಸಾಲನ್ನು ಬಿಡಿಸಿ ರಿಪೇರಿ ಮಾಡಿ ಪರೀಕ್ಷಿಸುವಾಗ ಉಳಿದೆರಡು ಕಾವಲಿಗಿರುತ್ತವೆ.

2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಾದ ಅಪಘಾತದ ಬಳಿಕ ಹೊಸ ಉಪಕರಣಗಳ ಪಟ್ಟಿಯೇ ಬಂತು. ಹೊರಗಿನಿಂದ ನೀರು ಹಾಯಿಸಲು ಕೊಳವೆಯ ಕೊಂಡಿಗಳು, ಗಾಳಿಯಿಂದಲೇ ತಣಿಯುವ ಡೀಸೆಲ್ ಜನರೇಟರುಗಳು, ಭೂಮಿ ನಡುಗಿದರೆ ತಾನಾಗಿ ರಿಯಾಕ್ಟರ್ ನಿಲ್ಲಿಸುವ ಏರ್ಪಾಡು, ಕರೆಂಟಿಲ್ಲದೆ ಹೈಡ್ರೋಜನ್ನನ್ನು ನೀರಾಗಿಸುವ ಸಾಧನಗಳು. ಆ ಹೈಡ್ರೋಜನ್ ಸಾಧನಗಳನ್ನು ಪರೀಕ್ಷಿಸಲೆಂದೇ ತಾರಾಪುರದಲ್ಲಿ ಒಂದು ವ್ಯವಸ್ಥೆ ಕಟ್ಟಿದರು. ಭೂಕಂಪದ ಪರೀಕ್ಷೆಗೆ ನಮ್ಮ ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ ನಡುಗುವ ವೇದಿಕೆಯಿದೆ. ಕರೆಂಟಿನ ಪ್ಯಾನೆಲನ್ನು ಬೋಲ್ಟು ಹಾಕಿ ಕೂರಿಸಿ ಮೂರೂ ದಿಕ್ಕಿಗೆ ಅಲುಗಿಸುತ್ತಾರೆ. ಪ್ಯಾನೆಲ್ ಬೀಳದೆ ನಿಂತರಷ್ಟೇ ಸಾಲದು, ಆ ನಡುಕದ ನಡುವೆ ಒಳಗಿನ ರಿಲೇ ತನ್ನ ಕೆಲಸ ತಪ್ಪಬಾರದು.

ಇನ್ನೊಂದು ಮೇ 13

ಪಾಠ ಒಮ್ಮೆ ಕಲಿತರೆ ಮುಗಿಯಿತೆಂದಲ್ಲ. ಫ್ಲಾರಿಡಾದ ಅದೇ ಕ್ರಿಸ್ಟಲ್ ರಿವರ್‌ನಲ್ಲಿ 2009ರಲ್ಲಿ ಹಳೆಯ ಉಗಿ ಉತ್ಪಾದಕಗಳನ್ನು ಬದಲಿಸಲು ಗೋಡೆ ಕೊರೆದಾಗ ಕಾಂಕ್ರೀಟ್ ಮತ್ತೆ ಪದರ ಬಿಟ್ಟಿತು. ರಿಪೇರಿ ಮಾಡಲು ಹೋದಾಗ ಇನ್ನಷ್ಟು ಬಿಟ್ಟಿತು. 2013ರಲ್ಲಿ ಸ್ಥಾವರವನ್ನೇ ಮುಚ್ಚುವ ತೀರ್ಮಾನವಾಯಿತು.

ಕೈಗಾದ ಒಂದನೇ ಘಟಕದ ಹಾದಿ ಬೇರೆಯಾಯಿತು. ಗುಮ್ಮಟ ಬಿದ್ದು ಸರಿಯಾಗಿ 22 ವರ್ಷಕ್ಕೆ, 2016ರ ಮೇ 13ರಂದು ಓಡಲು ಶುರುಮಾಡಿದ ಅದು 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿ ಆಗಿನ ಜಗತ್ತಿನ ದಾಖಲೆ ಮಾಡಿತು. ಆ ದಾಖಲೆಯನ್ನು ಎಲ್ಲರೂ ಕೊಂಡಾಡಿದರು, ಕೊಂಡಾಡಬೇಕಾದದ್ದೇ. ಆದರೆ ನನ್ನ ಮನಸ್ಸು ಹೋಗುವುದು 1994ರಿಂದ 2000ದವರೆಗಿನ ಆರು ವರ್ಷಗಳ ಕಡೆಗೆ. ಕರೆಂಟು ಬೇಕೆಂದು ದೇಶ ಅವಸರಿಸುತ್ತಿದ್ದಾಗ, ಇನ್ನೂ ಆಗಿಲ್ಲ, ಮತ್ತೊಮ್ಮೆ ನೋಡೋಣ ಎಂದು ಕೂತ ವರ್ಷಗಳವು. 962 ದಿನಗಳು ನಿಂತದ್ದು ಆ ಕಾಯುವಿಕೆಯ ಮೇಲೆ.

ಈಗ ಕೈಗಾದಲ್ಲಿ ತಲಾ 700 ಮೆಗಾವಾಟಿನ ಐದು ಮತ್ತು ಆರನೇ ಘಟಕಗಳ ಸಿದ್ಧತೆ ನಡೆದಿದೆ. ಅವುಗಳ ಒಳಗೋಡೆಗೆ ಉಕ್ಕಿನ ಒಳಪದರವೂ ಇರುತ್ತದೆ. ಹೊಸ ಗುಮ್ಮಟಗಳು ಏಳುವಾಗ ಜೋಯಿಡಾ, ಕದ್ರಾ, ಮಲ್ಲಾಪುರದ ಜನ ಕೇಳಬೇಕಾದದ್ದು ಎಷ್ಟು ಬೇಗ ಮುಗಿಯುತ್ತದೆ ಎಂದಲ್ಲ. ಏನನ್ನು ಪರೀಕ್ಷಿಸಿದಿರಿ, ಫಲಿತಾಂಶ ಏನು ಬಂತು, ಬೇಡ ಎನ್ನಬಲ್ಲವರು ಯಾರು ಅದನ್ನು ನೋಡಿದರು ಎಂದು ಕೇಳಬೇಕು. ಉತ್ತರ ಪಂಚಾಯ್ತಿ ಕಟ್ಟೆಯಲ್ಲಿ ಓದಿ ಹೇಳುವಂಥ ಕನ್ನಡದಲ್ಲಿ ಸಿಗಬೇಕು. ಮಳೆಯನ್ನೂ ನದಿಯನ್ನೂ ನೆಲವನ್ನೂ ಕೊಟ್ಟವರಿಗೆ ಅಷ್ಟು ಕೇಳುವ ಹಕ್ಕಿದೆ.