ಮೊದಲು ‘ಗೇಟ್’ ದಾಟಲಿ, ಆಮೇಲೆ ಎಂ.ಟೆಕ್.

ಸಂಜೆ ನಾಲ್ಕರ ಮೇಲೆ ಮೋಡ ಕಟ್ಟಿತೆಂದರೆ ಮೈಸೂರು ರಸ್ತೆಯ ಅಂಗಡಿಯವರು ಕೆಳಗಿನ ಮೂಟೆಗಳನ್ನು ಮೇಲಕ್ಕೇರಿಸತೊಡಗುತ್ತಾರೆ. ಕೆಂಗೇರಿ ಬಸ್ಸಿಗೆ ನಿಂತವರು ಮೋರಿ ಕಡೆ ಒಂದು ಕಣ್ಣಿಟ್ಟಿರುತ್ತಾರೆ. ವೃಷಭಾವತಿ ಯಾವಾಗ ಉಕ್ಕುತ್ತಾಳೋ ಬಲ್ಲವರಾರು?

ಬಲ್ಲವರಾಗಲು ಹೆಣಗುತ್ತಿರುವವರು ಇದ್ದಾರೆ. ಊರನ್ನೆಲ್ಲ ಸಣ್ಣ ಸಣ್ಣ ಚೌಕಗಳಾಗಿ ವಿಂಗಡಿಸಿ, ಒಂದೊಂದು ಚೌಕಕ್ಕೂ ಬಿದ್ದ ಮಳೆ ಎಷ್ಟು, ಪಕ್ಕದ ಚೌಕದಿಂದ ಹರಿದು ಬಂದದ್ದೆಷ್ಟು, ಇಳಿದು ಹೋದದ್ದೆಷ್ಟು ಎಂದು ಗಳಿಗೆ ಗಳಿಗೆಗೂ ಜಮಾ-ಖರ್ಚು ಬರೆಯುವುದು ಅವರ ಕೆಲಸ. ಕಿರಾಣಿ ಅಂಗಡಿಯ ಖಾತೆ ಪುಸ್ತಕ ಇದ್ದ ಹಾಗೇ ಅನ್ನಿ. ಆದರೆ ಖಾತೆಗಳು ಲಕ್ಷಗಟ್ಟಲೆ, ಕೈಯಲ್ಲಿ ಬರೆದು ಮುಗಿಯುವ ಬಾಬತ್ತಲ್ಲ. ಅದಕ್ಕೇ ಕಂಪ್ಯೂಟರ್. ಈ ವಿದ್ಯೆಯ ಹೆಸರೇ ಕಂಪ್ಯೂಟೇಷನಲ್ ಇಂಜಿನಿಯರಿಂಗ್. ಸೇತುವೆ ಭಾರ ತಡೆದೀತೇ, ವಿಮಾನದ ರೆಕ್ಕೆ ಗಾಳಿಗೆ ಎಷ್ಟು ಬಾಗೀತು ಎಂಬುದಕ್ಕೂ ಇದೇ ದಾರಿ: ಮೊದಲು ಲೆಕ್ಕದಲ್ಲಿ ಕಟ್ಟಿ, ಲೆಕ್ಕದಲ್ಲೇ ಕೆಡವಿ ನೋಡುವುದು. ಕಾಂಕ್ರೀಟು, ಕಬ್ಬಿಣ ಎಲ್ಲ ಆಮೇಲೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2020ರಲ್ಲಿ ಹೊರತಂದ ‘ಬೆಂಗಳೂರು ಮೇಘ ಸಂದೇಶ’ ಆ್ಯಪ್‌ನ ಹಿಂದಿರುವುದೂ ಇಂಥ ಲೆಕ್ಕವೇ.

ಬೆಂಗಳೂರಿಗೆ ಇದು ಹೊಸ ವಿದ್ಯೆಯೇನಲ್ಲ. ಇದೇ ಊರಿನಲ್ಲಿ ಇಂಜಿನಿಯರಿಂಗ್ ಓದಿದ ರೊದ್ದಂ ನರಸಿಂಹ ಅವರು ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ನಿರ್ದೇಶಕರಾಗಿದ್ದಾಗ, 1986ರಲ್ಲಿ, ಸಾಧಾರಣ ಪ್ರೊಸೆಸರ್‌ಗಳನ್ನೇ ಒಂದಕ್ಕೊಂದು ಜೋಡಿಸಿ ‘ಫ್ಲೋಸಾಲ್ವರ್’ ಎಂಬ ಯಂತ್ರವನ್ನು ಅಲ್ಲಿ ಕಟ್ಟಲಾಯಿತು. ಗಾಳಿಯ ಹರಿವಿನ ಲೆಕ್ಕ ಮಾಡಲೆಂದೇ ಹುಟ್ಟಿದ ಯಂತ್ರ ಅದು.

ಈಗ ಮನೆ ವಿಷಯಕ್ಕೆ ಬರೋಣ. ರಾಜಾಜಿನಗರ, ಬಸವೇಶ್ವರನಗರದ ಎಷ್ಟೋ ಮನೆಗಳಲ್ಲಿ ಬಿ.ಇ. ಮುಗಿಸಿದ ಮಕ್ಕಳಿದ್ದಾರೆ. “ಮತ್ತೆ ಎರಡು ವರ್ಷ ಓದಾ? ಸಂಬಳ ಯಾರು ತರ್ತಾರೆ?” ಎಂದು ಗಲ್ಲಾಪೆಟ್ಟಿಗೆ ಮುಂದೆ ಕೂತ ತಂದೆ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಇಲ್ಲಿಯೇ ‘ಗೇಟ್’ ಪರೀಕ್ಷೆಯ ಮಹತ್ವ. ಗೇಟ್ ಅಂಕದ ಮೇಲೆ ಎಂ.ಟೆಕ್. ಸೇರಿ ವಿದ್ಯಾರ್ಥಿವೇತನಕ್ಕೆ ಅರ್ಹರಾದವರಿಗೆ ತಿಂಗಳಿಗೆ 12,400 ರೂಪಾಯಿ. ಎರಡು ವರ್ಷಕ್ಕೆ ಕೂಡಿಸಿದರೆ 2,97,600. ಮೊದಲು 8,000 ಇದ್ದದ್ದು 2014ರಲ್ಲಿ ಈ ಮೊತ್ತಕ್ಕೆ ಏರಿತು. ಅಂದಿನಿಂದ ಅಕ್ಕಿ, ಬೇಳೆ ಬೆಲೆ ಎಲ್ಲಿಗೆ ಹೋಯಿತೆಂದು ಅಂಗಡಿಯವರಿಗೆ ಹೇಳಬೇಕಾಗಿಲ್ಲ. ರಾಜ್ಯದ ಪಿಜಿಸಿಇಟಿ ಬರೆದೂ ಎಂ.ಟೆಕ್. ಸೇರಬಹುದು, ಆದರೆ ಗೇಟ್ ಅಂಕ ಇಲ್ಲದವರಿಗೆ ಎ.ಐ.ಸಿ.ಟಿ.ಇ.ಯ ಈ ಹಣ ಸಿಗದು. ಸೀಟು ಸಿಕ್ಕಿತೆಂದು ಸಿಹಿ ಹಂಚಿದ ಮೇಲೆ ಇದು ತಿಳಿದರೆ ಪ್ರಯೋಜನವೇನು?

ದೂರದ ಮಾತಂತೂ ಇಲ್ಲ. ಹಳಬರು ಇಂದಿಗೂ ಟಾಟಾ ಇನ್ಸ್‌ಟಿಟ್ಯೂಟ್ ಎನ್ನುವ ವಿಜ್ಞಾನ ಸಂಸ್ಥೆ ಯಶವಂತಪುರದ ಪಕ್ಕದಲ್ಲೇ ಇದೆ. ಅಲ್ಲಿನ ಕಂಪ್ಯೂಟೇಷನಲ್ ಅಂಡ್ ಡೇಟಾ ಸೈನ್ಸ್ ಎಂ.ಟೆಕ್‌ಗೆ ಸಿವಿಲ್, ಮೆಕ್ಯಾನಿಕಲ್ ಓದಿದವರೂ ಅರ್ಜಿ ಹಾಕಬಹುದು. 2022ರಲ್ಲಿ ಅಲ್ಲಿಗೆ ಬಂದ ‘ಪರಮ್ ಪ್ರವೇಗ’ 3.3 ಪೆಟಾಫ್ಲಾಪ್ ಯಂತ್ರ, ಎಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ! ಆದರೆ ಯಂತ್ರ ನೋಡಿ ಮರುಳಾಗಿ ಹೋದವರನ್ನು ಗಣಿತ ಅಡ್ಡಗಟ್ಟುತ್ತದೆ. ಬಿ.ಇ.ಯಲ್ಲಿ ಹೇಗೋ ಪಾಸಾಗಿ ಮರೆತ ಮ್ಯಾಟ್ರಿಕ್ಸು, ಡಿಫರೆನ್ಷಿಯಲ್ ಸಮೀಕರಣಗಳೇ ಅಲ್ಲಿ ದಿನದ ಅನ್ನ.

ಬಿ.ಇ. ಮೂರನೇ ವರ್ಷದಲ್ಲಿರುವವರೂ ಗೇಟ್ ಬರೆಯಬಹುದು. ಅಂಕ ಮೂರು ವರ್ಷ ನಡೆಯುತ್ತದೆ. ಸದ್ಯ ಸಂಬಳ ಬೇಕೇ ಬೇಕು ಎನ್ನುವ ಮನೆಯ ಹುಡುಗ, ಹುಡುಗಿಯರು ಪರೀಕ್ಷೆ ಬರೆದಿಟ್ಟು, ವರ್ಷವೆರಡು ವರ್ಷ ದುಡಿದು, ಆಮೇಲೆ ಯಶವಂತಪುರದ ಬಸ್ಸು ಹತ್ತಿದರೂ ಆದೀತು.